ಡೇಟಾಬೇಸ್ ಕಾಂಟೆಕ್ಸ್ಟ್ ನೆಚ್ಚಿಕೊಂಡ ಕಂಟ್ರೋಲರ್‌ಗಳಿಗೆ ಯೂನಿಟ್ ಟೆಸ್ಟ್ ಬರೆಯುವ ಬಗೆ

ಕೊಡಗಿನ ಗೋಣಿಕೊಪ್ಪದಲ್ಲೋ ಸಿದ್ದಾಪುರದಲ್ಲೋ ಕಾಫಿ ಖರೀದಿಸುವ ಒಂದು ಮಳಿಗೆಗೆ ವೆಬ್ ಅಪ್ಲಿಕೇಶನ್ ಬರೆದುಕೊಡುವ ಕೆಲಸ ನಿಮ್ಮ ಪಾಲಿಗೆ ಬಂದಿದೆ ಎಂದಿಟ್ಟುಕೊಳ್ಳಿ. ತೋಟದ ರೈಟರು ಜೀಪಿನಲ್ಲಿ ರೋಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಮೂಟೆಗಳನ್ನು ತಂದು ಇಳಿಸುತ್ತಾರೆ. ಮಳಿಗೆಯವರು ತೂಕ, ತೇವಾಂಶ, ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ನೋಡಿ, ಆ ದಿನದ ದರ ಹಾಕಿ ರಸೀದಿ ಕೊಡಬೇಕು. ಇದಕ್ಕಾಗಿ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಒಂದು ರಸೀದಿ ಕಂಟ್ರೋಲರ್ (ಬ್ರೌಸರಿನಿಂದ ಬರುವ ಕೋರಿಕೆಗಳಿಗೆ ಉತ್ತರಿಸುವ ಕ್ಲಾಸ್), ಅದರ ಹಿಂದೆ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ ಡಿಬಿಕಾಂಟೆಕ್ಸ್ಟ್ (ಕೋಡಿಗೂ ಡೇಟಾಬೇಸಿಗೂ ನಡುವೆ ನಿಲ್ಲುವ ಕ್ಲಾಸ್, ಮುಂದೆ ಬರಿಯ ‘ಕಾಂಟೆಕ್ಸ್ಟ್’), ಅದರ ಹಿಂದೆ ಡೇಟಾಬೇಸ್ ಆಗಿ ಎಸ್‌ಕ್ಯುಎಲ್ ಸರ್ವರ್ ಇವೆ. ಕೊನೆಯ ಆ ಸರ್ವರ್ ಇಲ್ಲದೆಯೇ, ಮೊದಲಿನ ಕಂಟ್ರೋಲರ್ ಸರಿಯಾಗಿ ನಡೆದುಕೊಳ್ಳುತ್ತದೆಯೇ ಎಂದು ಯೂನಿಟ್ ಟೆಸ್ಟ್‌ಗಳಿಂದ, ಅಂದರೆ ಕೋಡಿನ ಒಂದೊಂದು ತುಣುಕನ್ನೇ ಬೇರೆಯಾಗಿ ನೋಡುವ ಸಣ್ಣ ಪರೀಕ್ಷೆಗಳಿಂದ, ಪರೀಕ್ಷಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ, ನೆಟ್‌ವರ್ಕ್ ಕೈಕೊಟ್ಟಾಗಲೂ ಲ್ಯಾಪ್‌ಟಾಪ್‌ನ ಬ್ಯಾಟರಿ ಇರುವಷ್ಟು ಹೊತ್ತು ಓಡುವ ಪರೀಕ್ಷೆಗಳು ಕೊಡಗಿನಲ್ಲಿ ಕುಳಿತು ಪ್ರೋಗ್ರಾಂ ಬರೆಯುವವರಿಗೆ ಬರಿಯ ಸೊಗಸಿನ ವಿಷಯವಲ್ಲ.

ಲೆಕ್ಕವನ್ನು ಕಂಟ್ರೋಲರ್‌ನಿಂದ ಹೊರಗಿಡಿ

ಮೊದಲ ಹಂತದಲ್ಲಿ ಪರೀಕ್ಷೆಯನ್ನು ಬರೆಯುವುದಕ್ಕಿಂತ ಕಂಟ್ರೋಲರನ್ನು ಪರೀಕ್ಷೆಗೆ ಒಗ್ಗಿಸುವುದು ಮುಖ್ಯ. ಕಂಟ್ರೋಲರ್ ತನ್ನೊಳಗೇ ಡಿಬಿಕಾಂಟೆಕ್ಸ್ಟನ್ನು ಸೃಷ್ಟಿಸಿಕೊಳ್ಳುತ್ತಿದ್ದರೆ, ಅದರ ಜಾಗದಲ್ಲಿ ಬೇರೊಂದನ್ನು ಇಡಲು ದಾರಿಯೇ ಇರುವುದಿಲ್ಲ. ಆದ್ದರಿಂದ ಕಾಂಟೆಕ್ಸ್ಟ್ ಕನ್‌ಸ್ಟ್ರಕ್ಟರಿನ ಮೂಲಕ ಹೊರಗಿನಿಂದ ಬರಬೇಕು. ಕಾಂಟೆಕ್ಸ್ಟ್ ಕೂಡ ತನ್ನ ಸಂಪರ್ಕದ ವಿವರಗಳನ್ನು ಆಪ್ಷನ್ಸ್ ರೂಪದಲ್ಲಿ ಹೊರಗಿನಿಂದಲೇ ಪಡೆಯಬೇಕು. ಇವತ್ತಿನ ಟೆಂಪ್ಲೇಟುಗಳಿಂದ ಶುರುವಾದ ಪ್ರಾಜೆಕ್ಟುಗಳಲ್ಲಿ ಇದು ಹೆಚ್ಚಾಗಿ ಆಗಲೇ ಹಾಗಿರುತ್ತದೆ.

ಹೆಚ್ಚು ಗಮನ ಬೇಡುವುದು ಲೆಕ್ಕ. ಐವತ್ತು ಕಿಲೋ ಚೆರಿಯಿಂದ ಎಷ್ಟು ಕಿಲೋ ಶುದ್ಧ ಬೀಜ ಸಿಗುತ್ತದೆ ಎಂಬುದು ಔಟ್‌ಟರ್ನ್. ತಂದ ಚೆರಿ 1,240 ಕಿಲೋ, ಔಟ್‌ಟರ್ನ್ 27.5, ಒಂದು ಔಟ್‌ಟರ್ನ್‌ಗೆ ದರ 200 ರೂಪಾಯಿ ಎಂದಾದರೆ, ಐವತ್ತು ಕಿಲೋದ ಒಂದು ಮೂಟೆಗೆ 5,500, ಒಟ್ಟು 24.8 ಮೂಟೆಗೆ 1,36,400 ರೂಪಾಯಿ. ಈ ಗುಣಾಕಾರಕ್ಕೆ ಡೇಟಾಬೇಸಿನ ಹಂಗಿಲ್ಲ. ಇದನ್ನು ಒಂದು ಪ್ರತ್ಯೇಕ ಕ್ಲಾಸಿಗೆ ಎತ್ತಿಟ್ಟರೆ, ತೇವಾಂಶದ ಕಡಿತ, ಚೀಲದ ತೂಕ, ಪೂರ್ಣಾಂಕಗೊಳಿಸುವಿಕೆ ಇವೆಲ್ಲವನ್ನೂ ಕಾಂಟೆಕ್ಸ್ಟಿನ ಸುದ್ದಿಯೇ ಇಲ್ಲದೆ ಹತ್ತಾರು ಸಣ್ಣ ಪರೀಕ್ಷೆಗಳಲ್ಲಿ ಮುಗಿಸಬಹುದು. ಡೇಟಾಬೇಸನ್ನು ಹೇಗೆ ನಕಲು ಮಾಡಬೇಕೆಂದು ತಲೆ ಕೆಡಿಸಿಕೊಳ್ಳುವ ಎಷ್ಟೋ ಕಡೆಗಳಲ್ಲಿ, ಅಲ್ಲಿ ಡೇಟಾಬೇಸ್ ಬೇಕಾಗಿಯೇ ಇರಲಿಲ್ಲ ಎಂಬುದು ನನ್ನ ಅನುಭವ.

ಇಲ್ಲಿ ಎರಡು ಎಚ್ಚರಿಕೆಗಳು. ಡಾಟ್ ನೆಟ್‌ನ ‘ಮ್ಯಾಥ್ ರೌಂಡ್’ ಬೇರೇನೂ ಹೇಳದಿದ್ದರೆ ಅರ್ಧವನ್ನು ಹತ್ತಿರದ ಸಮಸಂಖ್ಯೆಯತ್ತ ಸರಿಸುತ್ತದೆ, 10,500.50 ಎಂಬುದು 10,500 ಆಗುತ್ತದೆ. ಲೆಕ್ಕದ ಪುಸ್ತಕ ಬರೆಯುವವರು ಅದನ್ನು 10,501 ಎಂದೇ ಬರೆಯುತ್ತಾರೆ. ಅವರ ರೂಢಿಯೇ ಬೇಕೆಂದಾದರೆ ‘ಅವೇ ಫ್ರಂ ಜೀರೋ’ ಆಯ್ಕೆಯನ್ನು ಸ್ಪಷ್ಟವಾಗಿ ಕೊಟ್ಟು, ಇದೇ ಅಂಕಿಯನ್ನು ಒಂದು ಪರೀಕ್ಷೆಯಾಗಿ ಇಟ್ಟುಬಿಡಿ. ಎರಡನೆಯದು, ಪರೀಕ್ಷೆಗಳನ್ನು ಓಡಿಸುವ ಎಕ್ಸ್‌ಯೂನಿಟ್ ಲೈಬ್ರರಿಯಲ್ಲಿ ಪರೀಕ್ಷೆಗೆ ಬೆಲೆಗಳನ್ನು ಒದಗಿಸುವ ‘ಇನ್‌ಲೈನ್‌ಡೇಟಾ’ಗೆ ಡೆಸಿಮಲ್ ಬೆಲೆಗಳನ್ನು ಕೊಡಲಾಗದು; ಸಿ ಶಾರ್ಪ್ ಭಾಷೆಯಲ್ಲಿ ಅಟ್ರಿಬ್ಯೂಟಿನ ಆರ್ಗ್ಯುಮೆಂಟ್ ಆಗಿ ಡೆಸಿಮಲ್ ನಿಲ್ಲುವುದಿಲ್ಲ. ‘ಮೆಂಬರ್‌ಡೇಟಾ’ ಬಳಸಿ. ಡಬಲ್‌ಗೆ ತಿರುಗಿಸಿ ಕೆಲಸ ಸಾಗಿಸುವ ಆಸೆ ಬರುತ್ತದೆ, ಆದರೆ ಹಣದ ಲೆಕ್ಕದಲ್ಲಿ ಅದು ತರವಲ್ಲ.

ಲೆಕ್ಕ ಹೊರಬಿದ್ದ ಮೇಲೆ ಕಂಟ್ರೋಲರ್‌ನಲ್ಲಿ ಉಳಿಯುವುದು ತೀರ್ಮಾನಗಳು ಮಾತ್ರ: ಬೆಳೆಗಾರರ ಖಾತೆ ಇದೆಯೇ, ಇಂದಿನ ದರ ನಮೂದಾಗಿದೆಯೇ, ರಸೀದಿ ಸಂಖ್ಯೆ ಆಗಲೇ ಬಳಕೆಯಾಗಿದೆಯೇ, ಉಳಿಸಿದ ಮೇಲೆ ಯಾವ ಉತ್ತರ ಹೋಗಬೇಕು. ನಮ್ಮ ಪರೀಕ್ಷೆಗಳ ಗುರಿ ಇವೇ.

ಡೇಟಾಬೇಸಿನ ಜಾಗದಲ್ಲಿ ಯಾರನ್ನು ಕೂರಿಸಬೇಕು

ಮೂರು ದಾರಿಗಳಿವೆ. ಮೊದಲನೆಯದು ಡಿಬಿಸೆಟ್ಟನ್ನು (ಕಾಂಟೆಕ್ಸ್ಟಿನಲ್ಲಿ ಒಂದು ಟೇಬಲ್ಲನ್ನು ಪ್ರತಿನಿಧಿಸುವ ವಸ್ತುವನ್ನು) ಮಾಕ್ ಮಾಡುವುದು, ಅಂದರೆ ಅದರ ಜಾಗದಲ್ಲಿ ನಕಲಿಯನ್ನು ಇಡುವುದು. ಇದು ಕಾಗದದ ಮೇಲೆ ಶುದ್ಧವಾಗಿ ಕಾಣುತ್ತದೆ, ಕೈಯಿಟ್ಟರೆ ಮುಳ್ಳು. ‘ಟುಲಿಸ್ಟ್‌ಅಸಿಂಕ್’, ‘ಫಸ್ಟ್‌ಆರ್‌ಡಿಫಾಲ್ಟ್‌ಅಸಿಂಕ್’ ಮುಂತಾದವು ಸ್ಟ್ಯಾಟಿಕ್ ಎಕ್ಸ್‌ಟೆನ್ಷನ್ ಮೆಥಡ್‌ಗಳಾದ್ದರಿಂದ ಅವನ್ನು ನೇರವಾಗಿ ಮಾಕ್ ಮಾಡಲು ಬರುವುದಿಲ್ಲ. ಅವುಗಳ ಕೆಳಗಿರುವ ಕ್ವೆರಿ ಪ್ರೊವೈಡರನ್ನು ಅಸಿಂಕ್ ಸಹಿತವಾಗಿ ನಾವೇ ಬರೆಯಬೇಕಾಗುತ್ತದೆ. ಅಷ್ಟೆಲ್ಲ ಪಟ್ಟ ಮೇಲೂ ಪರೀಕ್ಷೆಯಾಗುವುದು ಸಾಧಾರಣ ಪಟ್ಟಿಯೊಂದರ ಮೇಲಿನ ಲಿಂಕ್ (LINQ, ಸಿ ಶಾರ್ಪ್‌ನ ಕ್ವೆರಿ ವ್ಯವಸ್ಥೆ) ಮಾತ್ರ. ನಾನು ಇದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಎರಡನೆಯದು ಎಂಟಿಟಿ ಫ್ರೇಮ್‌ವರ್ಕ್‌ನದೇ ಇನ್‌ಮೆಮೊರಿ ಪ್ರೊವೈಡರ್. ಒಂದೇ ಸಾಲಿನಲ್ಲಿ ಸಿದ್ಧವಾಗುವುದರಿಂದ ಬಹಳ ಜನ ಇದನ್ನೇ ಹಿಡಿಯುತ್ತಾರೆ. ಆದರೆ ಇದು ರಿಲೇಶನಲ್ ಡೇಟಾಬೇಸ್ ಅಲ್ಲವೇ ಅಲ್ಲ. ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ದಾಖಲೆಗೆ ಇರಬೇಕಾದ ಕೊಂಡಿ) ತಪ್ಪಿದರೂ ತಡೆಯುವುದಿಲ್ಲ, ಯುನೀಕ್ ಇಂಡೆಕ್ಸ್ (ಒಂದೇ ಬೆಲೆ ಎರಡು ಸಲ ಬರಬಾರದೆಂಬ ನಿಯಮ) ಮುರಿದರೂ ಸುಮ್ಮನಿರುತ್ತದೆ, ಎಸ್‌ಕ್ಯುಎಲ್ ಸಾಲುಗಳನ್ನು ನೇರವಾಗಿ ಓಡಿಸುವುದಿಲ್ಲ, ಟ್ರಾನ್ಸಾಕ್ಷನ್ ತೆರೆಯಲು ಹೋದರೆ ಪೂರ್ವನಿಯೋಜಿತವಾಗಿ ದೋಷ ಎಸೆಯುತ್ತದೆ. ಖಾತೆಯೇ ಇಲ್ಲದ ಬೆಳೆಗಾರರ ಹೆಸರಿಗೆ ರಸೀದಿ ಬರೆದರೂ ಪರೀಕ್ಷೆ ಹಸಿರಾಗಿಯೇ, ಅಂದರೆ ತೇರ್ಗಡೆಯಾಗಿಯೇ, ಉಳಿಯುತ್ತದೆ. ಪರೀಕ್ಷೆಗಾಗಿ ಇದನ್ನು ಬಳಸಬೇಡಿ ಎಂದು ಮೈಕ್ರೋಸಾಫ್ಟ್‌ನ ದಾಖಲೆಗಳೇ ಹೇಳುತ್ತವೆ.

ಮೂರನೆಯದು ಬೇರೆ ಸರ್ವರ್ ಬೇಡದ ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟನ್ನು ಮೆಮೊರಿಯಲ್ಲೇ ಓಡಿಸುವುದು. ಇದು ನಿಜವಾದ ರಿಲೇಶನಲ್ ಎಂಜಿನ್. ಫಾರಿನ್ ಕೀ, ಯುನೀಕ್ ಇಂಡೆಕ್ಸ್, ಟ್ರಾನ್ಸಾಕ್ಷನ್ ಎಲ್ಲವೂ ಇವೆ. ಡಿಸ್ಕಿನ ಮೇಲೆ ಏನನ್ನೂ ಬಿಟ್ಟುಹೋಗುವುದಿಲ್ಲ. ಇದರ ಮಿತಿಗಳನ್ನು ಮುಂದೆ ಹೇಳುತ್ತೇನೆ, ಆದರೆ ಸಣ್ಣ, ಮಧ್ಯಮ ಗಾತ್ರದ ಅಪ್ಲಿಕೇಶನ್ನಿನ ಕಂಟ್ರೋಲರ್ ಪರೀಕ್ಷೆಗೆ ನನ್ನ ಮತ ಇದಕ್ಕೇ.

ನಾಲ್ಕನೆಯ ದಾರಿಯಾಗಿ ರೆಪಾಸಿಟರಿ ಪದರವನ್ನು (ಕ್ವೆರಿಗಳನ್ನೆಲ್ಲ ಒಂದೆಡೆ ಇಡುವ ಕ್ಲಾಸುಗಳನ್ನು) ನಡುವೆ ತರುವವರೂ ಇದ್ದಾರೆ. ಕ್ವೆರಿಗಳು ಹಲವು ಕಡೆ ಮರುಕಳಿಸುವ ದೊಡ್ಡ ವ್ಯವಸ್ಥೆಗೆ ಅದು ಒಪ್ಪುತ್ತದೆ. ಪರೀಕ್ಷೆ ಬರೆಯಲು ಅನುಕೂಲವೆಂಬ ಒಂದೇ ಕಾರಣಕ್ಕೆ, ಡಿಬಿಸೆಟ್ಟಿನ ಪ್ರತಿ ಮೆಥಡನ್ನೂ ಇನ್ನೊಂದು ಹೆಸರಿನಲ್ಲಿ ಮತ್ತೆ ಬರೆಯುವುದಾದರೆ ಬೇಡ.

ಕನೆಕ್ಷನ್ ತೆರೆದೇ ಇರಲಿ

ಪರೀಕ್ಷಾ ಪ್ರಾಜೆಕ್ಟಿಗೆ ಎಕ್ಸ್‌ಯೂನಿಟ್ ಮತ್ತು ಎಂಟಿಟಿ ಫ್ರೇಮ್‌ವರ್ಕ್‌ನ ಎಸ್‌ಕ್ಯೂಲೈಟ್ ಪ್ಯಾಕೇಜನ್ನು ಸೇರಿಸಿ. ಕನೆಕ್ಷನ್ ಸ್ಟ್ರಿಂಗಿನಲ್ಲಿ ಫೈಲ್ ಹೆಸರಿನ ಬದಲು ‘ಮೆಮೊರಿ’ ಎಂಬ ಇಂಗ್ಲಿಷ್ ಪದವನ್ನು ಎರಡೂ ಬದಿಗೆ ಕೋಲನ್ ಇಟ್ಟು ಬರೆದರೆ ಡೇಟಾಬೇಸ್ ಮೆಮೊರಿಯಲ್ಲಿ ಹುಟ್ಟುತ್ತದೆ. ಅದರ ಆಯುಸ್ಸು ಕನೆಕ್ಷನ್ ತೆರೆದಿರುವ ತನಕ ಮಾತ್ರ. ಸ್ಟ್ರಿಂಗನ್ನು ಮಾತ್ರ ಕೊಟ್ಟು ಸುಮ್ಮನಾದರೆ, ಎಂಟಿಟಿ ಫ್ರೇಮ್‌ವರ್ಕ್ ಪ್ರತಿ ಕೆಲಸಕ್ಕೂ ಕನೆಕ್ಷನ್ ತೆರೆದು ಮುಚ್ಚುತ್ತದೆ, ಮುಚ್ಚಿದೊಡನೆ ಟೇಬಲ್ಲುಗಳೆಲ್ಲ ಮಾಯವಾಗುತ್ತವೆ. ಆಗ ‘ಟೇಬಲ್ ಇಲ್ಲ’ ಎಂಬ ದೋಷವನ್ನು ನೋಡುತ್ತ, ಈಗಷ್ಟೇ ಸೃಷ್ಟಿಸಿದೆನಲ್ಲ ಎಂದು ಬೆರಗಾಗಬೇಕಾಗುತ್ತದೆ. ಆದ್ದರಿಂದ ಕನೆಕ್ಷನ್ ಆಬ್ಜೆಕ್ಟನ್ನು ನೀವೇ ಸೃಷ್ಟಿಸಿ, ನೀವೇ ತೆರೆದು, ಆ ಆಬ್ಜೆಕ್ಟನ್ನೇ ‘ಯೂಸ್‌ಎಸ್‌ಕ್ಯೂಲೈಟ್’ಗೆ ಕೊಡಿ.

ಎಕ್ಸ್‌ಯೂನಿಟ್ ಪ್ರತಿ ಪರೀಕ್ಷೆಗೂ ಪರೀಕ್ಷಾ ಕ್ಲಾಸಿನ ಹೊಸ ಪ್ರತಿಯನ್ನು ಸೃಷ್ಟಿಸುತ್ತದೆ. ಇದು ನಮಗೆ ಅನುಕೂಲ: ಕನ್‌ಸ್ಟ್ರಕ್ಟರಿನಲ್ಲಿ ಕನೆಕ್ಷನ್ ತೆರೆದು, ಆಪ್ಷನ್ಸ್ ಕಟ್ಟಿ, ‘ಎನ್‌ಶೂರ್‌ಕ್ರಿಯೇಟೆಡ್’ ಕರೆದು ಟೇಬಲ್ಲುಗಳನ್ನು ಮಾಡಿಸಿ; ‘ಡಿಸ್ಪೋಸ್’ನಲ್ಲಿ ಕನೆಕ್ಷನ್ ಮುಚ್ಚಿ. ಪ್ರತಿ ಪರೀಕ್ಷೆಗೂ ಅದರದೇ ಖಾಲಿ ಡೇಟಾಬೇಸ್ ಸಿಗುತ್ತದೆ. ಬೇರೆ ಬೇರೆ ಕ್ಲಾಸುಗಳ ಪರೀಕ್ಷೆಗಳು ಏಕಕಾಲಕ್ಕೆ ಓಡಿದರೂ ಒಂದರ ರಸೀದಿ ಇನ್ನೊಂದರಲ್ಲಿ ಬೀಳುವುದಿಲ್ಲ. ಜೊತೆಗೆ, ಇದೇ ಆಪ್ಷನ್ಸ್‌ನಿಂದ ಹೊಸ ಕಾಂಟೆಕ್ಸ್ಟ್ ಮಾಡಿಕೊಡುವ ಒಂದು ಪುಟ್ಟ ಮೆಥಡ್ ಬರೆದಿಡಿ. ಮುಂದಿನ ಹಂತ ನಿಂತಿರುವುದೇ ಅದರ ಮೇಲೆ.

ಒಂದು ಪರೀಕ್ಷೆಗೆ ಮೂರು ಕಾಂಟೆಕ್ಸ್ಟ್

ಕಂಟ್ರೋಲರ್ ಪರೀಕ್ಷೆಗಳಲ್ಲಿ ಕಾಣುವ ಸುಳ್ಳು ಹಸಿರಿನ ದೊಡ್ಡ ಮೂಲ ಇಲ್ಲಿದೆ. ಪರೀಕ್ಷೆಯೊಂದರಲ್ಲಿ ಸಿದ್ಧತೆ, ಕ್ರಿಯೆ, ತಪಾಸಣೆ ಎಂಬ ಮೂರು ಭಾಗಗಳಿರುತ್ತವೆ. ಮೂರಕ್ಕೂ ಒಂದೇ ಕಾಂಟೆಕ್ಸ್ಟನ್ನು ಬಳಸುವುದು ಸಹಜವೆನಿಸುತ್ತದೆ, ಸಾಲುಗಳೂ ಕಡಿಮೆ. ಆದರೆ ಕಾಂಟೆಕ್ಸ್ಟ್ ಡೇಟಾಬೇಸಿಗೆ ಹೋಗುವ ಬರಿಯ ಕೊಳವೆಯಲ್ಲ. ತನ್ನ ಮೂಲಕ ಹಾದುಹೋದ ಪ್ರತಿ ವಸ್ತುವನ್ನೂ ಚೇಂಜ್ ಟ್ರ್ಯಾಕರಿನಲ್ಲಿ ನೆನಪಿಟ್ಟುಕೊಳ್ಳುತ್ತದೆ.

ರಸೀದಿಯನ್ನು ರದ್ದು ಮಾಡುವ ಆಕ್ಷನ್ನನ್ನು (ಒಂದು ಬಗೆಯ ಕೋರಿಕೆಗೆ ಉತ್ತರಿಸುವ ಕಂಟ್ರೋಲರ್ ಮೆಥಡನ್ನು) ನೋಡಿ. ಅದು ರಸೀದಿಯನ್ನು ಹುಡುಕಿ, ‘ರದ್ದಾಗಿದೆ’ ಎಂಬ ಫೀಲ್ಡಿಗೆ ‘ಟ್ರೂ’ ಹಾಕಿ, ‘ಸೇವ್‌ಚೇಂಜಸ್‌ಅಸಿಂಕ್’ ಕರೆಯಬೇಕು. ಬರೆದವರು ಕೊನೆಯ ಸಾಲನ್ನು ಮರೆತಿದ್ದಾರೆ ಎಂದಿಟ್ಟುಕೊಳ್ಳಿ. ಪರೀಕ್ಷೆಯು ಅದೇ ಕಾಂಟೆಕ್ಸ್ಟಿನಿಂದ ರಸೀದಿಯನ್ನು ಮತ್ತೆ ಕೇಳಿದರೆ ಸಿಗುವುದು ಟ್ರ್ಯಾಕರಿನಲ್ಲಿರುವ ಅದೇ ವಸ್ತು, ಅದರಲ್ಲಿ ‘ಟ್ರೂ’ ಇದೆ, ಪರೀಕ್ಷೆ ತೇರ್ಗಡೆ. ‘ಫೈಂಡ್’ ಬಿಟ್ಟು ‘ಫಸ್ಟ್‌ಅಸಿಂಕ್’ ಬಳಸಿದರೂ ಪಾರಾಗುವುದಿಲ್ಲ. ಕ್ವೆರಿ ಡೇಟಾಬೇಸಿಗೆ ಹೋಗಿ ಬರುತ್ತದೆ ನಿಜ, ಆದರೆ ಆ ಕೀಯ ವಸ್ತು ಆಗಲೇ ಟ್ರ್ಯಾಕರಿನಲ್ಲಿದ್ದರೆ, ಬಂದ ಸಾಲಿನ ಬೆಲೆಗಳನ್ನು ಬದಿಗಿಟ್ಟು ಹಳೆಯ ವಸ್ತುವನ್ನೇ ಕೈಗೆ ಕೊಡುತ್ತದೆ. ಮಳಿಗೆಯಲ್ಲಿ ಮಾತ್ರ ರದ್ದಾದ ರಸೀದಿ ಮರುದಿನವೂ ಬಾಕಿ ಪಟ್ಟಿಯಲ್ಲಿ ಕುಳಿತಿರುತ್ತದೆ.

ಸಂಬಂಧಿಸಿದ ದಾಖಲೆಯನ್ನೂ ಜೊತೆಗೆ ತರಿಸುವ ‘ಇನ್‌ಕ್ಲೂಡ್’ ಮರೆತಾಗ ಆಗುವುದು ಇನ್ನೂ ಸೂಕ್ಷ್ಮ. ರಸೀದಿಯ ವಿವರ ತೋರಿಸುವ ಆಕ್ಷನ್ ಬೆಳೆಗಾರರ ಹೆಸರನ್ನೂ ಕೊಡಬೇಕು. ಅದಕ್ಕೆ ರಸೀದಿಯ ಜೊತೆಗೆ ಬೆಳೆಗಾರರ ದಾಖಲೆಯನ್ನೂ ತರಿಸಿಕೊಳ್ಳಬೇಕು. ಸಿದ್ಧತೆಯಲ್ಲಿ ಬೆಳೆಗಾರರನ್ನು ಸೇರಿಸಿದ ಕಾಂಟೆಕ್ಸ್ಟನ್ನೇ ಕಂಟ್ರೋಲರಿಗೂ ಕೊಟ್ಟರೆ, ‘ಇನ್‌ಕ್ಲೂಡ್’ ಇಲ್ಲದಿದ್ದರೂ ಟ್ರ್ಯಾಕರ್ ಇಬ್ಬರಿಗೂ ತಾನೇ ಗಂಟು ಹಾಕಿಬಿಡುತ್ತದೆ. ಹೆಸರು ಸರಿಯಾಗಿ ಬರುತ್ತದೆ, ಪರೀಕ್ಷೆ ಹಸಿರು. ಮಳಿಗೆಯ ಸರ್ವರಿನಲ್ಲಿ ಪ್ರತಿ ಕೋರಿಕೆಗೂ ಹೊಸ ಕಾಂಟೆಕ್ಸ್ಟ್ ಬರುವುದರಿಂದ ಆ ಗಂಟು ಇರುವುದಿಲ್ಲ. ಬೆಳೆಗಾರರ ಜಾಗದಲ್ಲಿ ನಲ್, ಪರದೆಯ ಮೇಲೆ 500 ಎಂಬ ಸರ್ವರ್ ದೋಷ.

ಪರಿಹಾರ ಸರಳ. ಸಿದ್ಧತೆಗೆ ಒಂದು ಕಾಂಟೆಕ್ಸ್ಟ್ ತೆರೆದು, ದತ್ತಾಂಶ ಉಳಿಸಿ, ಮುಚ್ಚಿ. ಕಂಟ್ರೋಲರಿಗೆ ಎರಡನೆಯದನ್ನು ಕೊಡಿ. ತಪಾಸಣೆಯನ್ನು ಮೂರನೆಯದರಿಂದ ಮಾಡಿ. ಮೂರೂ ಒಂದೇ ತೆರೆದ ಕನೆಕ್ಷನ್ನಿನ ಮೇಲೆ ನಿಂತಿರುವುದರಿಂದ ದತ್ತಾಂಶ ಒಂದೇ, ನೆನಪು ಮಾತ್ರ ಬೇರೆ ಬೇರೆ. ಹಳೆಯ ಪರೀಕ್ಷೆಗಳನ್ನೆಲ್ಲ ಹೀಗೆ ತಿದ್ದುವಷ್ಟು ಪುರುಸೊತ್ತು ಇಲ್ಲದಿದ್ದರೆ, ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ 5.0 ಆವೃತ್ತಿಯಿಂದ ಬಂದ ‘ಚೇಂಜ್‌ಟ್ರ್ಯಾಕರ್ ಕ್ಲಿಯರ್’ ಮೆಥಡನ್ನು ಭಾಗಗಳ ನಡುವೆ ಕರೆದರೂ ಹೆಚ್ಚುಕಡಿಮೆ ಇದೇ ಫಲ. ಹೊಸದಾಗಿ ಬರೆಯುವವರು ಮೂರು ಕಾಂಟೆಕ್ಸ್ಟಿನ ರೂಢಿಯನ್ನೇ ಹಿಡಿಯಲಿ. ಓದುವವರಿಗೆ ಭಾಗಗಳ ಗಡಿ ಕಣ್ಣಿಗೆ ಕಾಣುತ್ತದೆ.

ಪರೀಕ್ಷೆಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು. ಸಿ ಶಾರ್ಪ್ ಕನ್ನಡ ಅಕ್ಷರಗಳ ಐಡೆಂಟಿಫೈಯರುಗಳನ್ನು ಒಪ್ಪುತ್ತದೆ. ‘ದರ_ನಮೂದಾಗದ_ದಿನ_ರಸೀದಿ_ಉಳಿಯಬಾರದು’ ಎಂಬ ಹೆಸರು ಮುರಿದಾಗ ಏನು ಮುರಿಯಿತೆಂದು ಮಳಿಗೆಯ ಯಜಮಾನರಿಗೂ ಓದಿ ಹೇಳಬಹುದು. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ, ಅಷ್ಟನ್ನು ಸಹಿಸಿಕೊಳ್ಳಬೇಕು.

ಕಂಟ್ರೋಲರ್ ಕೊಟ್ಟ ಉತ್ತರವನ್ನು ಓದುವುದು

ಆಕ್ಷನ್ ಹಿಂದಿರುಗಿಸುವುದು ‘ಆಕ್ಷನ್‌ರಿಸಲ್ಟ್’ ಆಗಿದ್ದು, ಅದರೊಳಗೆ ರಸೀದಿಯ ಟೈಪ್ ಇದ್ದರೆ, ಉತ್ತರ ಎರಡು ಕಡೆಗಳಲ್ಲಿ ಇರಬಹುದು. ರಸೀದಿಯನ್ನು ನೇರವಾಗಿ ಹಿಂದಿರುಗಿಸಿದರೆ ಅದು ‘ವ್ಯಾಲ್ಯೂ’ನಲ್ಲಿರುತ್ತದೆ, ‘ರಿಸಲ್ಟ್’ ನಲ್ ಆಗಿರುತ್ತದೆ. ‘ಓಕೆ’ಯೊಳಗೆ ಸುತ್ತಿ ಕೊಟ್ಟರೆ ತಿರುವುಮುರುವು: ‘ವ್ಯಾಲ್ಯೂ’ ನಲ್, ‘ರಿಸಲ್ಟ್’ನಲ್ಲಿ ‘ಓಕೆಆಬ್ಜೆಕ್ಟ್‌ರಿಸಲ್ಟ್’, ಅದರ ಒಳಗೆ ರಸೀದಿ. ಮೊದಲು ‘ಅಸರ್ಟ್ ಈಸ್‌ಟೈಪ್’ನಿಂದ ಬಗೆಯನ್ನು ಖಚಿತಪಡಿಸಿ, ಅದು ಹಿಂದಿರುಗಿಸುವ ವಸ್ತುವಿನಿಂದ ಮುಂದಿನದನ್ನು ಓದಿ.

ಕಂಟ್ರೋಲರನ್ನು ಪರೀಕ್ಷೆಯಿಂದ ನೇರವಾಗಿ ಕರೆದಾಗ ರೂಟಿಂಗ್, ಫಿಲ್ಟರ್, ಮಾಡೆಲ್ ವ್ಯಾಲಿಡೇಶನ್ ಯಾವುದೂ ಓಡುವುದಿಲ್ಲ. ತೂಕ ಕಡ್ಡಾಯವೆಂಬ ಅಟ್ರಿಬ್ಯೂಟ್ ಇದ್ದರೂ ಖಾಲಿ ತೂಕದ ರಸೀದಿ ಆಕ್ಷನ್ನಿನ ಒಳಗೆ ಬಂದೇಬಿಡುತ್ತದೆ. ತಾನಾಗಿಯೇ 400 (ಕೋರಿಕೆ ಸರಿಯಿಲ್ಲ ಎಂಬ ಉತ್ತರ) ಬರುವುದು ಪೂರ್ಣ ಅಪ್ಲಿಕೇಶನ್ ಓಡುವಾಗ ಮಾತ್ರ. ಆಕ್ಷನ್ ತಾನೇ ‘ಮಾಡೆಲ್‌ಸ್ಟೇಟ್’ (ವ್ಯಾಲಿಡೇಶನ್ನಿನ ಫಲಿತಾಂಶ) ನೋಡುತ್ತಿದ್ದರೆ ಪರೀಕ್ಷೆಯಲ್ಲಿ ಕೈಯಾರೆ ಒಂದು ದೋಷ ಸೇರಿಸಿ ಕರೆಯಬಹುದು. ಹಾಗೆಯೇ ಲಾಗಿನ್ ಆದ ಗುಮಾಸ್ತರ ಹೆಸರು ಬೇಕಾದರೆ, ‘ಡಿಫಾಲ್ಟ್‌ಎಚ್‌ಟಿಟಿಪಿಕಾಂಟೆಕ್ಸ್ಟ್’ ಒಂದನ್ನು ಮಾಡಿ, ಅದಕ್ಕೆ ಬಳಕೆದಾರರ ಗುರುತನ್ನು ಹೊತ್ತ ‘ಕ್ಲೇಮ್ಸ್‌ಪ್ರಿನ್ಸಿಪಲ್’ ತೊಡಿಸಿ, ಕಂಟ್ರೋಲರ್‌ಕಾಂಟೆಕ್ಸ್ಟಿನ ಮೂಲಕ ಕೊಡಬೇಕು.

‘ಇಂದಿನ ದರ’ ಎಂಬಲ್ಲಿನ ‘ಇಂದು’ ಕೂಡ ಹೊರಗಿನಿಂದಲೇ ಬರಲಿ. ಡಾಟ್ ನೆಟ್ 8ರಿಂದ ಇರುವ ‘ಟೈಮ್‌ಪ್ರೊವೈಡರ್’ ಮತ್ತು ಪರೀಕ್ಷೆಗೆಂದೇ ಇರುವ ‘ಫೇಕ್‌ಟೈಮ್‌ಪ್ರೊವೈಡರ್’ ಇದಕ್ಕೆ ಸಾಕು. ಸರ್ವರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ) ಇದ್ದರೆ ನಮ್ಮ ಬೆಳಗಿನ ಐದೂವರೆಯ ತನಕ ಅಲ್ಲಿ ನಿನ್ನೆಯ ತಾರೀಕೇ ನಡೆಯುತ್ತಿರುತ್ತದೆ. ಏಪ್ರಿಲ್ 1ರ ಬೆಳಗಿನ 5 ಗಂಟೆಯ ಒಂದು ಪರೀಕ್ಷೆ ಇಟ್ಟರೆ ಆರ್ಥಿಕ ವರ್ಷದ ಗಡಿಯೂ ಅದರಲ್ಲೇ ತಪಾಸಣೆಯಾಗುತ್ತದೆ.

ಒಂದೇ ಸಂಖ್ಯೆಯ ಎರಡು ರಸೀದಿಗಳು

ರೋಬಸ್ಟಾ ಕೊಯ್ಲಿನ ಭರಾಟೆಯಲ್ಲಿ ಎರಡು ಕೌಂಟರುಗಳಲ್ಲಿ ಏಕಕಾಲಕ್ಕೆ ರಸೀದಿ ಬರೆಯುತ್ತಿರುತ್ತಾರೆ. ಸಂಖ್ಯೆ ಬಳಕೆಯಾಗಿದೆಯೇ ಎಂದು ‘ಎನಿಅಸಿಂಕ್’ನಿಂದ ಕೇಳಿ, ಇಲ್ಲವೆಂದ ಮೇಲೆ ಉಳಿಸುವ ಪದ್ಧತಿಯಲ್ಲಿ, ಕೇಳುವುದಕ್ಕೂ ಉಳಿಸುವುದಕ್ಕೂ ನಡುವೆ ಇನ್ನೊಂದು ಕೌಂಟರ್ ನುಸುಳಬಹುದು. ಕೊನೆಯ ಕಾವಲು ಡೇಟಾಬೇಸಿನ ಯುನೀಕ್ ಇಂಡೆಕ್ಸ್. ಅದು ತಡೆದಾಗ ‘ಡಿಬಿಅಪ್‌ಡೇಟ್‌ಎಕ್ಸೆಪ್ಷನ್’ ಬರುತ್ತದೆ, ಕಂಟ್ರೋಲರ್ ಅದನ್ನು ಹಿಡಿದು 409 (‘ಕಾನ್‌ಫ್ಲಿಕ್ಟ್’, ಅಂದರೆ ಘರ್ಷಣೆ) ಕೊಡಬೇಕು.

ಪರೀಕ್ಷೆಯಲ್ಲಿ ಮೊದಲ ಕಾಂಟೆಕ್ಸ್ಟಿನಿಂದ ಆ ಸಂಖ್ಯೆಯ ರಸೀದಿಯೊಂದನ್ನು ಉಳಿಸಿ, ಕಂಟ್ರೋಲರಿಗೆ ಅದೇ ಸಂಖ್ಯೆ ಕಳುಹಿಸಿ, ‘ಕಾನ್‌ಫ್ಲಿಕ್ಟ್’ ಬಂತೇ ನೋಡಿ. ಮೂರನೆಯ ಕಾಂಟೆಕ್ಸ್ಟಿನಿಂದ ಎಣಿಸಿದಾಗ ರಸೀದಿ ಒಂದೇ ಇರಬೇಕು. ಆಕ್ಷನ್ನಿನಲ್ಲಿ ‘ಎನಿಅಸಿಂಕ್’ ತಪಾಸಣೆಯೂ ಇದ್ದರೆ ಈ ಪರೀಕ್ಷೆ ಅಲ್ಲಿಯೇ ನಿಂತುಬಿಡುತ್ತದೆ, ಎಕ್ಸೆಪ್ಷನ್ ಹಿಡಿಯುವ ಭಾಗಕ್ಕೆ ತಲುಪುವುದೇ ಇಲ್ಲ. ಅದನ್ನು ಮುಟ್ಟಲು ಉಳಿಸುವ ಕೆಲಸದ ನಡುವೆ ಕೈಹಾಕಬಲ್ಲ ‘ಸೇವ್‌ಚೇಂಜಸ್‌ಇಂಟರ್‌ಸೆಪ್ಟರ್’ ಒಂದನ್ನು ಬರೆದು, ಉಳಿಸುವ ಮುನ್ನಿನ ಕ್ಷಣದಲ್ಲಿ ಇನ್ನೊಂದು ಕಾಂಟೆಕ್ಸ್ಟಿನಿಂದ ಅದೇ ಸಂಖ್ಯೆಯ ರಸೀದಿಯನ್ನು ತೂರಿಸಿ. ಎರಡನೆಯ ಕೌಂಟರಿನ ಪಾತ್ರವನ್ನು ಇಂಟರ್‌ಸೆಪ್ಟರ್ ಆಡುತ್ತದೆ.

ಇಲ್ಲಿ ಒಂದು ಬಿರುಕು ಉಳಿಯುತ್ತದೆ. ಯುನೀಕ್ ತಡೆಯೇ ಹೌದೆಂದು ತಿಳಿಯಲು ಕಂಟ್ರೋಲರ್ ಎಸ್‌ಕ್ಯುಎಲ್ ಸರ್ವರಿನ 2601, 2627 ಎಂಬ ದೋಷಸಂಖ್ಯೆಗಳನ್ನು ನೋಡುತ್ತಿದ್ದರೆ, ಎಸ್‌ಕ್ಯೂಲೈಟಿನಲ್ಲಿ ಅವು ಬರುವುದಿಲ್ಲ. ಅದರ ನಿರ್ಬಂಧ ದೋಷದ ಸಂಖ್ಯೆ 19. ಆ ಗುರುತಿಸುವ ಕೆಲಸವನ್ನು ಸಣ್ಣ ಇಂಟರ್‌ಫೇಸಿನ ಹಿಂದೆ ಇಟ್ಟರೆ ಕಂಟ್ರೋಲರಿನ ಪರೀಕ್ಷೆ ಕೆಡುವುದಿಲ್ಲ.

ಎಸ್‌ಕ್ಯೂಲೈಟ್ ಕೈಕೊಡುವ ಜಾಗಗಳು

ಎಸ್‌ಕ್ಯೂಲೈಟಿಗೆ ಡೆಸಿಮಲ್ ಎಂಬ ಸ್ವಂತ ಟೈಪ್ ಇಲ್ಲ. ಎಂಟಿಟಿ ಫ್ರೇಮ್‌ವರ್ಕ್ ಅದನ್ನು ಪಠ್ಯವಾಗಿ ಉಳಿಸುತ್ತದೆ. ಮೊತ್ತದ ಮೇಲೆ ವಿಂಗಡಿಸುವ ಕ್ವೆರಿ ಹಲವು ಆವೃತ್ತಿಗಳಲ್ಲಿ ನೇರವಾಗಿ ದೋಷ ಎಸೆಯುತ್ತದೆ. ಎಸ್‌ಕ್ಯುಎಲ್ ಸರ್ವರ್ ದಶಮಾಂಶದ ಎರಡು ಸ್ಥಾನಕ್ಕೆ ನಿಲ್ಲಿಸುವ ಮೊತ್ತವನ್ನು ಎಸ್‌ಕ್ಯೂಲೈಟ್ ಇದ್ದ ಹಾಗೇ ಇಟ್ಟುಕೊಳ್ಳುತ್ತದೆ. ಹತ್ತು ಅಕ್ಷರದ ಮಿತಿಯ ಅಂಕಣಕ್ಕೆ ಮೂವತ್ತು ಅಕ್ಷರ ಹಾಕಿದರೂ ಅದು ಬೇಡವೆನ್ನುವುದಿಲ್ಲ.

ಕನ್ನಡ ದತ್ತಾಂಶ ಇಟ್ಟುಕೊಂಡವರಿಗೆ ಇನ್ನೂ ಎರಡು ಸಂಗತಿಗಳು ತಿಳಿದಿರಬೇಕು. ಹಳೆಯ ಡೇಟಾಬೇಸಿನಲ್ಲಿ ಊರಿನ ಅಂಕಣ ಯುನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಆಗಿರದೆ ವಾರ್‌ಚಾರ್ ಆಗಿದ್ದರೆ, ಯುಟಿಎಫ್-8 ಕೊಲೇಶನ್ (ಅಕ್ಷರಗಳನ್ನು ಇಡುವ, ಹೋಲಿಸುವ ನಿಯಮ) ಇಲ್ಲದ ಎಸ್‌ಕ್ಯುಎಲ್ ಸರ್ವರಿನಲ್ಲಿ ‘ನಾಪೋಕ್ಲು’ ಎಂಬುದು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತದೆ. ಎಸ್‌ಕ್ಯೂಲೈಟ್ ಎಲ್ಲವನ್ನೂ ಯುನಿಕೋಡಿನಲ್ಲೇ ಇಡುವುದರಿಂದ ಪರೀಕ್ಷೆಗೆ ಇದರ ಸುಳಿವೇ ಸಿಗದು. ಇನ್ನೊಂದು, ‘ಗೋಣಿಕೊಪ್ಪ’ದ ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎಸ್‌ಕ್ಯೂಲೈಟಿನ ಹೋಲಿಕೆಗೆ ಬೇರೆ ಬೇರೆ. ಉಳಿಸುವ ಮುನ್ನವೂ ಹುಡುಕುವ ಮುನ್ನವೂ ಎರಡೂ ರೂಪಗಳನ್ನು ಒಂದಾಗಿಸುವ ‘ನಾರ್ಮಲೈಸ್’ ಕರೆಯುವ ನಿಯಮ ಮಾಡಿ, ಒಂದು ರೂಪದಲ್ಲಿ ಉಳಿಸಿದ ಊರನ್ನು ಇನ್ನೊಂದು ರೂಪದಲ್ಲಿ ಹುಡುಕುವ ಪರೀಕ್ಷೆ ಬರೆಯಿರಿ. ಎರಡನೆಯ ರೂಪವನ್ನು ಕೀಲಿಮಣೆಯಿಂದ ಮೂಡಿಸುವ ಬದಲು ಯುನಿಕೋಡ್ ಎಸ್ಕೇಪ್ ಆಗಿ ಬರೆಯಿರಿ, ಇಲ್ಲದಿದ್ದರೆ ಎಡಿಟರ್ ಅಥವಾ ಕೀಲಿಮಣೆ ಅದನ್ನು ಸದ್ದಿಲ್ಲದೆ ಒಂದಾಗಿಸಬಹುದು.

ನಿಜವಾದ ಡೇಟಾಬೇಸಿಗೆ ಬಿಡಬೇಕಾದ್ದು

ಮೊತ್ತದ ವಿಂಗಡಣೆ, ಕಚ್ಚಾ ಎಸ್‌ಕ್ಯುಎಲ್, ಸ್ಟೋರ್ಡ್ ಪ್ರೊಸೀಜರ್, ರೋವರ್ಷನ್ (ಸಾಲು ಬದಲಾದಾಗಲೆಲ್ಲ ಬದಲಾಗುವ ಗುರುತು) ಬಳಸುವ ಏಕಕಾಲಿಕ ತಿದ್ದುಪಡಿ, ಅಂಕಣದ ಉದ್ದ ಇವುಗಳಿಗೆ ಎಸ್‌ಕ್ಯುಎಲ್ ಸರ್ವರಿನ ಮೇಲೆಯೇ ಓಡುವ ಕೆಲವು ಪರೀಕ್ಷೆಗಳು ಬೇಕು. ‘ಟೆಸ್ಟ್‌ಕಂಟೇನರ್ಸ್’ ಲೈಬ್ರರಿ ಡಾಕರಿನಲ್ಲಿ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನದಲ್ಲಿ) ಸರ್ವರ್ ಎಬ್ಬಿಸಿ, ಮುಗಿದ ಮೇಲೆ ತೆಗೆದುಹಾಕುತ್ತದೆ. ಎಸ್‌ಕ್ಯುಎಲ್ ಸರ್ವರಿನ ಕಂಟೇನರಿಗೆ ಕನಿಷ್ಠ 2 ಜಿಬಿ ಮೆಮೊರಿ ಬೇಕು. ಮಾಡೆಲ್ ವ್ಯಾಲಿಡೇಶನ್, ಲಾಗಿನ್, ರೂಟಿಂಗ್ ಸೇರಿಸಿ ನೋಡಲು ‘ವೆಬ್‌ಅಪ್ಲಿಕೇಶನ್‌ಫ್ಯಾಕ್ಟರಿ’ ಇದೆ.

ನಿಜವಾದ ಸರ್ವರ್ ಅಥವಾ ಪೂರ್ಣ ಅಪ್ಲಿಕೇಶನ್ ಬೇಡುವ ಈ ಎರಡನೆಯ ಗುಂಪಿನ ಪರೀಕ್ಷೆಗಳಿಗೆ ಎಕ್ಸ್‌ಯೂನಿಟ್‌ನ ‘ಟ್ರೇಟ್’ನಿಂದ ಬೇರೆ ಗುರುತು ಹಾಕಿಡಿ. ಕೋಡ್ ತಿದ್ದುವಾಗಲೆಲ್ಲ ‘ಡಾಟ್‌ನೆಟ್ ಟೆಸ್ಟ್’ಗೆ ಫಿಲ್ಟರ್ ಕೊಟ್ಟು ಅವಿಲ್ಲದೆ ಓಡುವ ಮೊದಲ ಗುಂಪನ್ನು ಮಾತ್ರ ಓಡಿಸಿ, ಎರಡನೆಯ ಗುಂಪು ಕೋಡ್ ಪುಶ್ ಆದ ಮೇಲೆ ಬಿಲ್ಡ್ ಸರ್ವರಿನಲ್ಲಿ ಓಡಲಿ. ಕಂಟೇನರಿನ ಇಮೇಜನ್ನು ಲ್ಯಾಪ್‌ಟಾಪಿಗೂ ಒಮ್ಮೆ ಇಳಿಸಿಕೊಳ್ಳುವುದಿದ್ದರೆ ಮಳೆಗಾಲ ಹಿಡಿಯುವ ಮೊದಲೇ ಇಳಿಸಿಕೊಂಡು, ಯಾವ ಆವೃತ್ತಿ ಎಂಬುದನ್ನು ಪರೀಕ್ಷೆಯಲ್ಲಿ ಖಚಿತವಾಗಿ ಬರೆದಿಡಿ. ‘ಲೇಟೆಸ್ಟ್’ ಎಂಬ ಗುರುತು ಯಾವ ಆವೃತ್ತಿಯನ್ನು ತೋರಿಸುತ್ತದೆಂಬುದು ಕಾಲಕಾಲಕ್ಕೆ ಬದಲಾಗುತ್ತದೆ, ಆಗ ನಿಮ್ಮ ಲ್ಯಾಪ್‌ಟಾಪ್ ಒಂದರ ಮೇಲೆ, ಬಿಲ್ಡ್ ಸರ್ವರ್ ಇನ್ನೊಂದರ ಮೇಲೆ ಓಡುತ್ತಿರುತ್ತದೆ.